ಪ್ಲಗ್-ಇನ್ ಹೈಬ್ರಿಡ್ ಕಾರು: ಕರೆಂಟ್ ಅಗ್ಗವೋ ಪೆಟ್ರೋಲ್ ಅಗ್ಗವೋ? ನೀವೇ ಅಳೆದು ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಪ್ಲಗ್-ಇನ್ ಹೈಬ್ರಿಡ್ ಎಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಸಾಕೆಟ್‌ನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಕಾರು. ಅದರ ಡ್ಯಾಶ್‌ಬೋರ್ಡ್ ಒಮ್ಮೊಮ್ಮೆ ಲೀಟರಿಗೆ 60, 80 ಕಿ.ಮೀ. ಎಂದು ತೋರಿಸುತ್ತದೆ. ಅಂಕಿ ಸುಳ್ಳಲ್ಲ, ಆದರೆ ಅದರಿಂದ ಖರ್ಚು ತಿಳಿಯುವುದಿಲ್ಲ. ಓಡಿದ ಕಿಲೋಮೀಟರುಗಳೆಲ್ಲ ಅದರಲ್ಲಿ ಸೇರಿವೆ, ಸುಟ್ಟ ಪೆಟ್ರೋಲೂ ಸೇರಿದೆ. ಸಾಕೆಟ್‌ನಿಂದ ಎಳೆದ ಕರೆಂಟ್ ಮಾತ್ರ ಎಲ್ಲೂ ಇಲ್ಲ. ಕಂಪನಿ ಕೊಡುವ ಮೈಲೇಜ್ ಅಂಕಿಯನ್ನು ನಂಬಿದರೂ ಇದೇ ಕಥೆ. ಯುರೋಪಿಯನ್ ಕಮಿಷನ್ 2024ರಲ್ಲಿ ಹೊರತಂದ ವರದಿಯಲ್ಲಿ, 2021ರಲ್ಲಿ ನೋಂದಣಿಯಾದ ಕಾರುಗಳ ಒಳಗಿನ ಇಂಧನ ಮಾಪಕಗಳ ದಾಖಲೆ ನೋಡಿದಾಗ, ಪ್ಲಗ್-ಇನ್ ಹೈಬ್ರಿಡ್‌ಗಳು ರಸ್ತೆಯಲ್ಲಿ ಉಗುಳಿದ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಗಿಂತ ಸರಾಸರಿ 3.5 ಪಟ್ಟು ಇತ್ತು. ಮುಖ್ಯ ಕಾರಣ, ಜನ ಅಷ್ಟೊಂದು ಚಾರ್ಜ್ ಮಾಡುವುದಿಲ್ಲ, ಆದರೆ ಪ್ರಯೋಗಾಲಯದ ಪರೀಕ್ಷೆ ಅವರು ಚಾರ್ಜ್ ಮಾಡುತ್ತಾರೆಂದೇ ಭಾವಿಸಿತ್ತು.

ಹಾಗಾಗಿ ಬೇರೆಯವರ ಅಂಕಿಗಳನ್ನು ಪಕ್ಕಕ್ಕಿಟ್ಟು ಎರಡೇ ಸಂಖ್ಯೆಗಳನ್ನು ನೀವೇ ಅಳೆಯಬೇಕು. ಒಂದು, 100 ಕಿ.ಮೀ. ಓಡಲು ಗೋಡೆಯ ಮೀಟರಿನಲ್ಲಿ ಎಷ್ಟು ಯೂನಿಟ್ ಆಗುತ್ತದೆ. ಎರಡು, ಅದೇ ದಾರಿಯಲ್ಲಿ ಬ್ಯಾಟರಿ ಖಾಲಿಯಾದ ಮೇಲೆ 100 ಕಿ.ಮೀ.ಗೆ ಎಷ್ಟು ಲೀಟರ್ ಪೆಟ್ರೋಲ್ ಬೇಕು. ಇವೆರಡು ಕೈಯಲ್ಲಿದ್ದರೆ ಬೆಲೆ ಎಷ್ಟೇ ಏರಲಿ, ಇಳಿಯಲಿ, ಉತ್ತರ ಒಂದೇ ಒಂದು ಭಾಗಾಕಾರದಲ್ಲಿ ಸಿಗುತ್ತದೆ.

ಮೈಲೇಜನ್ನು ಮೊದಲು ತಿರುಗಿಸಿ ಬರೆಯಿರಿ

ಲೀಟರಿಗೆ ಇಷ್ಟು ಕಿ.ಮೀ. ಎಂದು ಹೇಳುವುದು ನಮಗೆ ರೂಢಿ. ಮಾತಿಗೆ ಅದು ಸರಿ, ಖರ್ಚಿನ ಲೆಕ್ಕಕ್ಕೆ ಆಗಿಬರುವುದಿಲ್ಲ. 100 ಕಿ.ಮೀ. ಲೀಟರಿಗೆ 20ರಂತೆ, ಇನ್ನೊಂದು 100 ಕಿ.ಮೀ. ಲೀಟರಿಗೆ 10ರಂತೆ ಓಡಿಸಿದರೆ ಸರಾಸರಿ 15 ಅಲ್ಲ. ಮೊದಲನೆಯದಕ್ಕೆ 5 ಲೀಟರ್, ಎರಡನೆಯದಕ್ಕೆ 10 ಲೀಟರ್, ಒಟ್ಟು 200 ಕಿ.ಮೀ.ಗೆ 15 ಲೀಟರ್. ಅಂದರೆ ಲೀಟರಿಗೆ 13.3. ಆದ್ದರಿಂದ ಎಲ್ಲವನ್ನೂ 100 ಕಿ.ಮೀ.ಗೆ ಎಷ್ಟು ಎಂದೇ ಬರೆದುಕೊಳ್ಳಿ: 100ನ್ನು ಮೈಲೇಜಿನಿಂದ ಭಾಗಿಸಿದರೆ ಸಾಕು. ಕರೆಂಟಿಗೂ ಹಾಗೆಯೇ. ಆಗ ಕೂಡುವುದು, ಸರಾಸರಿ ತೆಗೆಯುವುದು, ಬೆಲೆಯಿಂದ ಗುಣಿಸುವುದು ಎಲ್ಲವೂ ನೇರವಾಗುತ್ತದೆ.

ಬೇಕಾಗುವ ಸಲಕರಣೆ

ಕರೆಂಟ್ ಅಳೆಯಲು ಚಾರ್ಜರಿಗೇ ಮೀಸಲಾದ ಒಂದು ಎನರ್ಜಿ ಮೀಟರ್ ಬೇಕು. ಗೋಡೆಯ ಚಾರ್ಜರ್ ಹಾಕಿಸಿದ್ದರೆ ಹಲವುದರಲ್ಲಿ ಮೀಟರ್ ಒಳಗೇ ಇರುತ್ತದೆ. ಆ್ಯಪ್‌ನಲ್ಲಿ ಪ್ರತಿ ಚಾರ್ಜಿನ ಯೂನಿಟ್ ಸಿಗುತ್ತದೆ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಡಿಸ್ಟ್ರಿಬ್ಯೂಷನ್ ಬೋರ್ಡಿನೊಳಗೆ, ಚಾರ್ಜರ್ ಸರ್ಕ್ಯೂಟಿಗೆ ಮಾತ್ರ, ರೈಲ್ ಮೇಲೆ ಕೂರುವ ಚಿಕ್ಕ ಮೀಟರ್ ಹಾಕಿಸಿ. ಸಾಕೆಟ್‌ಗೂ ಪ್ಲಗ್‌ಗೂ ನಡುವೆ ಸಿಕ್ಕಿಸುವ ಅಗ್ಗದ ಮೀಟರುಗಳ ಬಗ್ಗೆ ಎಚ್ಚರವಿರಲಿ. ಅವುಗಳ ಮೇಲೆ 16 ಆಂಪಿಯರ್ ಎಂದು ಬರೆದಿದ್ದರೂ ಐದಾರು ಗಂಟೆ ಎಡೆಬಿಡದೆ ಪೂರ್ಣ ಕರೆಂಟ್ ಹರಿದಾಗ ಒಳಗಿನ ಸಂಪರ್ಕಗಳು ಬಿಸಿಯಾಗುತ್ತವೆ, ಪ್ಲಾಸ್ಟಿಕ್ ಕರಗುತ್ತದೆ. ಎಕ್ಸ್‌ಟೆನ್ಷನ್ ವೈರಿನ ಸುರುಳಿಯಲ್ಲಿ ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಸುರುಳಿಯಲ್ಲಿದ್ದಾಗ ಶಾಖ ಹೊರಹೋಗಲು ದಾರಿಯಿರುವುದಿಲ್ಲ.

ಇದರ ಜೊತೆಗೆ ಟೈರ್ ಗಾಳಿ ನೋಡುವ ಗೇಜ್ ಮತ್ತು ಒಂದು ನೋಟ್‌ಬುಕ್. ಅಳೆಯುವ ದಿನಗಳಲ್ಲಿ ಗಾಳಿ ಒಂದೇ ಮಟ್ಟದಲ್ಲಿರಬೇಕು.

ಹೆಜ್ಜೆ 1: ಕರೆಂಟ್ ಅಳೆಯುವುದು

ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಚಾರ್ಜ್ ತಾನಾಗಿ ನಿಂತ ಮೇಲೆ ಪ್ಲಗ್ ತೆಗೆದು ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕಾರನ್ನು ಕರೆಂಟಿನಲ್ಲಿ ಮಾತ್ರ ಓಡುವ ಇವಿ ಮೋಡ್‌ಗೆ ಹಾಕಿ ನಿತ್ಯದ ದಾರಿಯಲ್ಲಿ ನಿತ್ಯದಂತೆಯೇ ಓಡಿಸಿ. ಎಂಜಿನ್ ಎದ್ದೇಳುವ ಮುನ್ನವೇ ಸಾಕೆಟ್ ಇರುವ ಜಾಗಕ್ಕೆ ಮರಳಿ. ಓಡಿದ ದೂರ ಬರೆದುಕೊಳ್ಳಿ, ಗೋಡೆಯ ಮೀಟರಿನ ರೀಡಿಂಗ್ ಬರೆದುಕೊಳ್ಳಿ, ಮತ್ತೆ ಪೂರ್ತಿ ಚಾರ್ಜ್ ಮಾಡಿ, ಮುಗಿದ ಮೇಲಿನ ರೀಡಿಂಗ್ ಬರೆದುಕೊಳ್ಳಿ. ಎರಡು ರೀಡಿಂಗ್‌ಗಳ ವ್ಯತ್ಯಾಸವೇ ಆ ದೂರಕ್ಕೆ ನಿಜವಾಗಿ ತಗುಲಿದ ಯೂನಿಟ್.

ಉದಾಹರಣೆಗೆ ಒಂದು ಕಾರು 60 ಕಿ.ಮೀ. ಓಡಿತು, ಡ್ಯಾಶ್‌ಬೋರ್ಡ್ 10.2 ಯೂನಿಟ್ ಖರ್ಚಾಯಿತೆಂದಿತು, ಗೋಡೆಯ ಮೀಟರ್ 11.9 ತೋರಿಸಿತು ಎಂದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡಿನ ಪ್ರಕಾರ 100 ಕಿ.ಮೀ.ಗೆ 17 ಯೂನಿಟ್. ಗೋಡೆಯ ಪ್ರಕಾರ 19.8. ಬಿಲ್ ಬರುವುದು ಎರಡನೆಯದಕ್ಕೆ. ನಡುವಿನ 1.7 ಯೂನಿಟ್ ಹೋಗುವುದು ಎಸಿಯನ್ನು ಡಿಸಿ ಮಾಡುವ ಆನ್‌ಬೋರ್ಡ್ ಚಾರ್ಜರಿನ ಶಾಖವಾಗಿ, ಬ್ಯಾಟರಿಯೊಳಗಿನ ಶಾಖವಾಗಿ, ಚಾರ್ಜ್ ಆಗುತ್ತಿರುವಷ್ಟು ಹೊತ್ತೂ ಎಚ್ಚರವಾಗಿರುವ ಕಂಪ್ಯೂಟರುಗಳು, ಕೂಲಿಂಗ್ ಪಂಪ್, ಫ್ಯಾನ್ ಹಾಗೂ 12 ವೋಲ್ಟ್ ಬ್ಯಾಟರಿಗೆ.

ಈ ಕೊನೆಯ ಗುಂಪಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಲ್ಲಿ ಪುಕ್ಕಟೆ ಉಳಿತಾಯವಿದೆ. ಅವು ಎಳೆಯುವ ಶಕ್ತಿ ಚಾರ್ಜಿಂಗ್ ವೇಗಕ್ಕೆ ತಕ್ಕಂತೆ ಬದಲಾಗುವುದಿಲ್ಲ. ಹೆಚ್ಚುಕಡಿಮೆ ಒಂದೇ ಸಮ. ಅದು 250 ವ್ಯಾಟ್ ಎಂದುಕೊಳ್ಳಿ. 230 ವೋಲ್ಟ್, 8 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿದರೆ ಒಳಬರುವುದು 1,840 ವ್ಯಾಟ್; ಅದರಲ್ಲಿ ಶೇ 13.6 ಇವಕ್ಕೇ ಹೋಯಿತು. 16 ಆಂಪಿಯರ್‌ನಲ್ಲಿ 3,680 ವ್ಯಾಟ್. ಹೋಗುವುದು ಶೇ 6.8 ಮಾತ್ರ. ನಿಧಾನವಾಗಿ ಚಾರ್ಜ್ ಮಾಡಿದರೆ ಕರೆಂಟ್ ಉಳಿಯುತ್ತದೆ ಎಂಬ ನಂಬಿಕೆ ಇಂಥ ಸಣ್ಣ ವೇಗಗಳಲ್ಲಿ ತಲೆಕೆಳಗು. ವೈರಿಂಗ್ ಮತ್ತು ಅರ್ಥಿಂಗ್ ತಾಳುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಿದರೆ ಹೆಚ್ಚಿನ ಆಂಪಿಯರ್‌ಗೇ ಹೋಗಿ.

ಒಂದೇ ಚಾರ್ಜಿನ ಅಂಕಿಯನ್ನು ನೆಚ್ಚಬೇಡಿ. ಕಡಿಮೆಯೆಂದರೆ ಐದಾರು ಪೂರ್ಣ ಚಾರ್ಜುಗಳ ಒಟ್ಟು ಯೂನಿಟ್ಟನ್ನು ಒಟ್ಟು ಕಿಲೋಮೀಟರಿನಿಂದ ಭಾಗಿಸಿ, 100ರಿಂದ ಗುಣಿಸಿ. ಇದನ್ನು ಇನ್ನು ಮುಂದೆ ‘ಯೂ’ ಎನ್ನೋಣ.

ಅಳತೆ ಕೆಡುವುದು ಹೆಚ್ಚಾಗಿ ಗೊತ್ತಿಲ್ಲದೆ ಎದ್ದ ಎಂಜಿನ್ನಿನಿಂದ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮೋಟಾರ್ ಒಂದೇ ಸಾಲದೆ ಎಂಜಿನ್ ಕೈಜೋಡಿಸುವ ಕಾರುಗಳಿವೆ. ಚಳಿಯಲ್ಲಿ ಹೀಟರ್ ಹಾಕಿದೊಡನೆ ಬಿಸಿನೀರಿಗಾಗಿ ಎಂಜಿನ್ ಚಾಲೂ ಮಾಡುವ ಕಾರುಗಳೂ ಇವೆ. ಟ್ರಿಪ್ ಮುಗಿದಾಗ ಇಂಧನ ಬಳಕೆ 0.0 ಎಂದಿದ್ದರೆ ಮಾತ್ರ ಆ ಸುತ್ತು ಲೆಕ್ಕಕ್ಕೆ, ಇಲ್ಲದಿದ್ದರೆ ಬಿಟ್ಟುಬಿಡಿ.

ಹೆಜ್ಜೆ 2: ಪೆಟ್ರೋಲ್ ಅಳೆಯುವುದು

ಇಲ್ಲಿ ಬಹುತೇಕರು ಎಡವುವುದು ಒಂದೇ ಕಡೆ: ತುಂಬಿದ ಬ್ಯಾಟರಿಯೊಂದಿಗೆ ಹೊರಟು, ದಾರಿಯಲ್ಲಿ ಅದು ಖಾಲಿಯಾಗಿ, ಕೊನೆಗೆ ಬಂದ ಮೈಲೇಜನ್ನು ‘ಹೈಬ್ರಿಡ್ ಮೈಲೇಜ್’ ಎಂದುಕೊಳ್ಳುವುದು. ಅದರಲ್ಲಿ ಮೊದಲ 50, 60 ಕಿ.ಮೀ. ಕರೆಂಟಿನದು. ಪೆಟ್ರೋಲಿನ ನಿಜವಾದ ಅಂಕಿ ಬೇಕಾದರೆ ಅಳತೆಯ ಆರಂಭದಲ್ಲಿ ಬ್ಯಾಟರಿ ಎಷ್ಟಿತ್ತೋ ಕೊನೆಯಲ್ಲೂ ಅಷ್ಟೇ ಇರಬೇಕು.

ಸುಲಭದ ದಾರಿ ಹೀಗೆ. ಇವಿ ರೇಂಜ್, ಅಂದರೆ ಕರೆಂಟಿನಲ್ಲಿ ಇನ್ನೂ ಓಡಬಲ್ಲ ದೂರ, ಸೊನ್ನೆಯಾಗುವವರೆಗೆ ಓಡಿಸಿ. ಸೊನ್ನೆ ಎಂದರೆ ಬ್ಯಾಟರಿ ಬರಿದಾಯಿತೆಂದಲ್ಲ. ಹೈಬ್ರಿಡ್ ಕೆಲಸಕ್ಕೆಂದು ಕಾರು ಸ್ವಲ್ಪ ಪಾಲನ್ನು ಮುಟ್ಟದೆ ಇಟ್ಟುಕೊಂಡಿರುತ್ತದೆ, ಚಾರ್ಜ್ ಮಟ್ಟ ಅದರ ಸುತ್ತಮುತ್ತಲೇ ಹತ್ತಿ ಇಳಿಯುತ್ತಿರುತ್ತದೆ. ಆ ಸ್ಥಿತಿಯಲ್ಲಿ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿ, ಪಂಪ್ ಮೊದಲ ಬಾರಿ ತಾನಾಗಿ ನಿಂತಾಗಲೇ ನಿಲ್ಲಿಸಿ. ಟ್ರಿಪ್ ಸೊನ್ನೆ ಮಾಡಿ. ಪ್ಲಗ್ ಹಾಕದೆ 300 ಕಿ.ಮೀ.ಗೆ ಕಡಿಮೆಯಿಲ್ಲದಂತೆ ಓಡಿಸಿ, ಅದೇ ಬಂಕಿನ ಅದೇ ಪಂಪಿಗೆ ಬಂದು, ಮತ್ತೆ ಮೊದಲ ನಿಲುಗಡೆಯವರೆಗೆ ತುಂಬಿಸಿ. ತುಂಬಿದ ಲೀಟರನ್ನು ಕಿಲೋಮೀಟರಿನಿಂದ ಭಾಗಿಸಿ 100ರಿಂದ ಗುಣಿಸಿ. ಇದು ‘ಪೆ’.

300 ಕಿ.ಮೀ. ಏಕೆಂದರೆ ಪಂಪ್ ನಿಲ್ಲುವ ಹಂತದಲ್ಲೇ ಅರ್ಧ, ಒಂದು ಲೀಟರ್ ಆಚೀಚೆಯಾಗಬಹುದು. 5 ಲೀಟರಿನಲ್ಲಿ ಒಂದು ಲೀಟರ್ ಹೆಚ್ಚಾದರೆ ಶೇ 20 ತಪ್ಪು. 20 ಲೀಟರಿನಲ್ಲಿ ಶೇ 5. ದಾರಿಯೂ ಹೆಜ್ಜೆ 1ರಲ್ಲಿ ಓಡಿಸಿದ್ದೇ ಆಗಿರಬೇಕು. ಕರೆಂಟನ್ನು ಪೇಟೆಯಲ್ಲಿ ಅಳೆದು ಪೆಟ್ರೋಲನ್ನು ಹೆದ್ದಾರಿಯಲ್ಲಿ ಅಳೆದರೆ ಹೋಲಿಕೆಗೆ ಅರ್ಥವಿಲ್ಲ.

ಬಂಕಿನಲ್ಲಿ ಸಿಗುವ ಪೆಟ್ರೋಲಿನ ಎಥನಾಲ್ ಪ್ರಮಾಣ ಬದಲಾದರೂ ‘ಪೆ’ ಬದಲಾಗುತ್ತದೆ. ಶೇ 10 ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ 3ರಷ್ಟು ಶಕ್ತಿ ಕಡಿಮೆ.

ಹೆಜ್ಜೆ 3: ಸರಿಯಾದ ಬೆಲೆ ಯಾವುದು?

ಪೆಟ್ರೋಲಿನ ಬೆಲೆಯಲ್ಲಿ ಗೊಂದಲವಿಲ್ಲ, ಬಂಕಿನ ಫಲಕ ನೋಡಿದರಾಯಿತು. ಕರೆಂಟಿನದು ಹಾಗಲ್ಲ.

ಬಿಲ್ಲಿನ ಒಟ್ಟು ಮೊತ್ತವನ್ನು ಒಟ್ಟು ಯೂನಿಟ್ಟಿನಿಂದ ಭಾಗಿಸುವುದು ತಪ್ಪು. ಅದರಲ್ಲಿ ನಿಗದಿತ ಶುಲ್ಕ ಇರುತ್ತದೆ. ಕಾರಿಲ್ಲದಿದ್ದರೂ ನೀವದನ್ನು ಕಟ್ಟುತ್ತಿದ್ದಿರಿ. ಇನ್ನೊಂದೆಡೆ, ಬಳಕೆ ಹೆಚ್ಚಿದಂತೆ ದರ ಏರುವ ಸ್ಲ್ಯಾಬ್ ಪದ್ಧತಿ ಇದ್ದರೆ ಕಾರಿನ ಯೂನಿಟ್ಟುಗಳು ಮೇಲಿನ ಸ್ಲ್ಯಾಬಿಗೇ ಹೋಗಿ ಕೂರುತ್ತವೆ, ಸರಾಸರಿ ದರಕ್ಕಿಂತ ದುಬಾರಿಯಾಗುತ್ತವೆ. ಮೋಸಹೋಗದ ವಿಧಾನ ಒಂದೇ: ಅದೇ ತಿಂಗಳ ಬಿಲ್ಲನ್ನು ಕಾರಿನ ಯೂನಿಟ್ ಸೇರಿಸಿ ಒಮ್ಮೆ, ತೆಗೆದು ಒಮ್ಮೆ ಲೆಕ್ಕ ಹಾಕಿ. ತೆರಿಗೆಯೂ ಸೇರಿರಲಿ. ಎರಡರ ವ್ಯತ್ಯಾಸವನ್ನು ಕಾರಿನ ಯೂನಿಟ್ಟಿನಿಂದ ಭಾಗಿಸಿದರೆ ನಿಮ್ಮ ಕಾರಿಗೆ ಬೀಳುವ ನಿಜವಾದ ದರ ಸಿಗುತ್ತದೆ. ಚಾರ್ಜಿಂಗ್‌ಗಾಗಿಯೇ ಮಂಜೂರಾದ ಲೋಡ್ ಏರಿಸಿದ್ದರೆ ಹೆಚ್ಚಾದ ನಿಗದಿತ ಶುಲ್ಕವನ್ನೂ ಆ ವ್ಯತ್ಯಾಸಕ್ಕೆ ಸೇರಿಸಿ.

ಸಮಯಕ್ಕೆ ತಕ್ಕಂತೆ ದರ ಬದಲಾಗುವ ಮೀಟರಿದ್ದರೆ ಕಾರಿನ ಟೈಮರನ್ನು ಅಗ್ಗದ ಹೊತ್ತಿಗೆ ಇಡಿ, ಆದರೆ ಚಾರ್ಜ್ ಆ ಹೊತ್ತಿನೊಳಗೆ ಮುಗಿಯುತ್ತದೆಯೇ ನೋಡಿ. 8 ಆಂಪಿಯರ್‌ನಲ್ಲಿ 12 ಯೂನಿಟ್ ತುಂಬಲು ಆರೂವರೆ ಗಂಟೆ ಬೇಕು. ಕೊನೆಯ ಗಂಟೆ ದುಬಾರಿ ದರಕ್ಕೆ ಜಾರಬಹುದು. ಚಾವಣಿಯ ಸೋಲಾರ್ ಕರೆಂಟೂ ಪುಕ್ಕಟೆಯಲ್ಲ: ಕಾರಿಗೆ ಹಾಕದಿದ್ದರೆ ಗ್ರಿಡ್‌ಗೆ ಮಾರಿ ಎಷ್ಟು ಸಿಗುತ್ತಿತ್ತೋ ಅದೇ ಅದರ ಬೆಲೆ. ಮಾರಾಟದ ವ್ಯವಸ್ಥೆಯೇ ಇಲ್ಲದಿದ್ದರೆ ಮಾತ್ರ ಹೆಚ್ಚುವರಿ ಸೋಲಾರ್ ಯೂನಿಟ್ಟನ್ನು ಸೊನ್ನೆ ಎಂದು ಹಿಡಿಯಬಹುದು.

ಸಾರ್ವಜನಿಕ ಚಾರ್ಜರುಗಳಲ್ಲಿ ನಿಮಿಷದ ಲೆಕ್ಕದಲ್ಲಿ ಹಣ ಕೇಳುವಲ್ಲಿ ಜಾಗ್ರತೆ ಬೇಕು. ಬಹಳಷ್ಟು ಪ್ಲಗ್-ಇನ್ ಹೈಬ್ರಿಡ್‌ಗಳ ಆನ್‌ಬೋರ್ಡ್ ಚಾರ್ಜರ್ 3.3ರಿಂದ 7.4 ಕಿಲೋವ್ಯಾಟ್ ಮಾತ್ರ. 22 ಕಿಲೋವ್ಯಾಟ್‌ನ ಕಂಬಕ್ಕೆ ಸಿಕ್ಕಿಸಿದರೂ ಕಾರು ಎಳೆಯುವುದು ತನ್ನ ಮಿತಿಯಷ್ಟೇ. ಆ ಮಿತಿ 3.6 ಕಿಲೋವ್ಯಾಟ್ ಆದರೆ ಗಂಟೆಯ ಶುಲ್ಕವನ್ನು 22ರಿಂದಲ್ಲ, 3.6ರಿಂದ ಭಾಗಿಸಬೇಕಾಗುತ್ತದೆ, ಅಲ್ಲಿಗೆ ಯೂನಿಟ್ ಬೆಲೆ ಆರು ಪಟ್ಟು. ಪ್ರತಿ ಬಾರಿಯೂ ಸಂಪರ್ಕ ಶುಲ್ಕವಿದ್ದರೆ ಚಿಕ್ಕ ಬ್ಯಾಟರಿಗೆ ಅದು ಇನ್ನೂ ಭಾರ, ಹಂಚಿಕೊಳ್ಳಲು ಇರುವುದೇ ಹತ್ತು ಹನ್ನೆರಡು ಯೂನಿಟ್.

ಹೆಜ್ಜೆ 4: ನಿರ್ಧರಿಸುವ ಒಂದೇ ಸಂಖ್ಯೆ

‘ಪೆ’ಯನ್ನು ‘ಯೂ’ನಿಂದ ಭಾಗಿಸಿ. ಒಂದು ಯೂನಿಟ್ ಎಷ್ಟು ಲೀಟರ್ ಪೆಟ್ರೋಲಿನ ಕೆಲಸ ಮಾಡುತ್ತದೆ ಎಂಬುದು ಅದು. ‘ಪೆ’ 6 ಲೀಟರ್, ‘ಯೂ’ 20 ಯೂನಿಟ್ ಆದರೆ ಉತ್ತರ 0.30. ಯೂನಿಟ್ ಬೆಲೆ ಲೀಟರ್ ಬೆಲೆಯ ಶೇ 30ಕ್ಕಿಂತ ಕಡಿಮೆಯಿದ್ದರೆ ಕರೆಂಟ್ ಅಗ್ಗ. ಮೇಲೆ ಹೋದರೆ ಪೆಟ್ರೋಲ್ ಅಗ್ಗ.

ಲೀಟರಿನ ಬೆಲೆ 100 ಎಂದಿಟ್ಟುಕೊಂಡು ನೋಡಿ. ಮನೆಯಲ್ಲಿ ಯೂನಿಟ್ ಬೆಲೆ 10 ಆದರೆ 100 ಕಿ.ಮೀ.ಗೆ ಕರೆಂಟಿನ ಖರ್ಚು 200, ಪೆಟ್ರೋಲಿನದು 600. ದಾರಿಬದಿಯ ಚಾರ್ಜರಿನಲ್ಲಿ ಯೂನಿಟ್ 35 ಆದರೆ ಕರೆಂಟಿನ ಖರ್ಚು 700. ಅಲ್ಲಿ ಪ್ಲಗ್ ಹಾಕಿ ಕಾಯುವುದರಿಂದ ಹಣವೂ ಹೋಯಿತು, ಹೊತ್ತೂ ಹೋಯಿತು. ಈ ಭಾಗಲಬ್ಧವನ್ನು ಫೋನಿನಲ್ಲಿ ಬರೆದಿಟ್ಟುಕೊಂಡರೆ ಯಾವ ಚಾರ್ಜರ್ ಮುಂದೆ ನಿಂತರೂ ಕ್ಷಣದಲ್ಲಿ ತೀರ್ಮಾನ ಮಾಡಬಹುದು.

ಇದು ದಾರಿಯಿಂದ ದಾರಿಗೆ ಬದಲಾಗುತ್ತದೆ. ಒಂದೇ ಕಾರಿನ ಅಂಕಿಗಳು ಹೀಗಿವೆ ಎಂದುಕೊಳ್ಳಿ: ಪೇಟೆಯಲ್ಲಿ 17 ಯೂನಿಟ್, 5.2 ಲೀಟರ್, ಭಾಗಲಬ್ಧ 0.31. ಹೆದ್ದಾರಿಯಲ್ಲಿ 25 ಯೂನಿಟ್, 6.5 ಲೀಟರ್, 0.26. ಮೂರು ನಾಲ್ಕು ಕಿ.ಮೀ.ನ ಓಡಾಟ, ಪ್ರತಿ ಸಲವೂ ತಣ್ಣಗಿನ ಎಂಜಿನ್: 19 ಯೂನಿಟ್, 9 ಲೀಟರ್, 0.47. ಹೆದ್ದಾರಿಯ ವೇಗದಲ್ಲಿ ಗಾಳಿಯ ತಡೆ ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ, ಎಂಜಿನ್ನಾದರೋ ಆ ಹೊರೆಯಲ್ಲಿ ತನ್ನ ಒಳ್ಳೆಯ ದಕ್ಷತೆಯಲ್ಲಿರುತ್ತದೆ. ತಣ್ಣಗಿನ ಎಂಜಿನ್ ಮಾತ್ರ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಬಿಸಿಮಾಡಲೆಂದೇ ಪೆಟ್ರೋಲ್ ಸುಡುತ್ತದೆ, ಆಯಿಲ್ ಇನ್ನೂ ದಪ್ಪಗಿರುತ್ತದೆ. ಬಿಸಿಯೇರುವಷ್ಟರಲ್ಲಿ ಊಟದ ಡಬ್ಬಿಯೋ ತರಕಾರಿ ಚೀಲವೋ ಹಿಡಿದು ನೀವು ಇಳಿದಿರುತ್ತೀರಿ.

ಆದ್ದರಿಂದ ಬ್ಯಾಟರಿಯ ರೇಂಜಿಗಿಂತ ಉದ್ದದ ಪ್ರಯಾಣವಾದರೆ ಹೆದ್ದಾರಿಗೆ ಹೈಬ್ರಿಡ್ ಇಲ್ಲವೇ (ಬ್ಯಾಟರಿಯ ಕರೆಂಟನ್ನು ಮುಂದಕ್ಕೆ ಉಳಿಸಿಡುವ) ಸೇವ್ ಮೋಡ್, ಎರಡೂ ತುದಿಯ ಪೇಟೆಗಳಿಗೆ ಇವಿ ಮೋಡ್. ಹಾಗೆಂದು ಇದಕ್ಕೇ ತಲೆಕೆಡಿಸಿಕೊಳ್ಳಬೇಕಿಲ್ಲ. 12 ಯೂನಿಟ್ಟನ್ನು ಹೆದ್ದಾರಿಯ ಬದಲು ಪೇಟೆಯಲ್ಲಿ ಖರ್ಚು ಮಾಡಿದರೆ ಉಳಿಯುವುದು ಅರ್ಧ ಲೀಟರಿನ ಆಸುಪಾಸು. ಸಾಕೆಟ್‌ಗೆ ಪ್ಲಗ್ ಹಾಕಲು ಒಂದು ರಾತ್ರಿ ಮರೆತರೆ ಅದೇ 12 ಯೂನಿಟ್ಟಿಗೆ ಮೂರೂವರೆ ಲೀಟರ್ ಹೆಚ್ಚು ಸುಡಬೇಕು.

ಎಂಜಿನ್ನಿನಿಂದ ಬ್ಯಾಟರಿ ತುಂಬಿಸುವ ಮೋಡ್

ಕೆಲವು ಕಾರುಗಳಲ್ಲಿ ಚಾರ್ಜ್ ಎಂಬ ಬಟನ್ ಇರುತ್ತದೆ. ಇದು ಸೇವ್ ಮೋಡ್ ಅಲ್ಲ, ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 8.9 ಯೂನಿಟ್ಟಿನಷ್ಟು ಶಕ್ತಿಯಿದೆ. ಎಂಜಿನ್ ಅದರಲ್ಲಿ ಮೂರರಲ್ಲೊಂದು ಪಾಲನ್ನು ತಿರುಗುವ ಶಕ್ತಿ ಮಾಡುತ್ತದೆ ಎಂದರೆ 3 ಯೂನಿಟ್; ಜನರೇಟರ್, ಇನ್ವರ್ಟರ್, ಬ್ಯಾಟರಿಯ ನಷ್ಟ ಕಳೆದು ಕೈಗೆ ಸಿಗುವುದು ಎರಡೂವರೆಯ ಆಸುಪಾಸು. ನಮ್ಮ ಉದಾಹರಣೆಯ ಕಾರಿಗೆ 100 ಕಿ.ಮೀ.ಗೆ ಬ್ಯಾಟರಿಯಿಂದ 17 ಯೂನಿಟ್ ಬೇಕು. ಹೀಗೆ ತುಂಬಿಸಿದರೆ 6.8 ಲೀಟರ್ ಸುಡಬೇಕು. ಎಂಜಿನ್ನನ್ನೇ ಚಕ್ರಕ್ಕೆ ಜೋಡಿಸಿ ಹೋಗಿದ್ದರೆ 6 ಸಾಕಿತ್ತು. ಎಂಜಿನ್ ಕಾರುಗಳಿಗೆ ನಿಷೇಧವಿರುವ ವಲಯಕ್ಕೆ ಹೋಗಬೇಕಾದಾಗ, ಕಡಿದಾದ ಘಾಟಿ ಮುಂದಿರುವಾಗ ಇದಕ್ಕೆ ಅರ್ಥವಿದೆ. ಹಣ ಉಳಿಸಲು ಅಲ್ಲ.

ಹೆಜ್ಜೆ 5: ತಿಂಗಳ ಲೆಕ್ಕ

ಈಗ ಬೇಕಾದ ಮೂರನೆಯ ಅಂಕಿ, ನಿಮ್ಮ ಓಟದಲ್ಲಿ ಕರೆಂಟಿನ ಪಾಲು. ಕಾರು ಅದನ್ನು ತೋರಿಸದಿದ್ದರೆ ಹಿಮ್ಮುಖವಾಗಿ ಕಂಡುಹಿಡಿಯಿರಿ: ತಿಂಗಳಿಗೆ ಹಾಕಿಸಿದ ಲೀಟರನ್ನು ‘ಪೆ’ಯಿಂದ ಭಾಗಿಸಿ 100ರಿಂದ ಗುಣಿಸಿದರೆ ಪೆಟ್ರೋಲಿನಲ್ಲಿ ಓಡಿದ ಕಿ.ಮೀ., ಉಳಿದದ್ದು ಕರೆಂಟಿನದು.

ತಿಂಗಳಿಗೆ 1,200 ಕಿ.ಮೀ., ಅದರಲ್ಲಿ ಶೇ 70 ಕರೆಂಟ್ ಎಂದರೆ 840 ಕಿ.ಮೀ.ಗೆ 168 ಯೂನಿಟ್, ಯೂನಿಟ್ಟಿಗೆ 10ರಂತೆ 1,680. ಉಳಿದ 360 ಕಿ.ಮೀ.ಗೆ 21.6 ಲೀಟರ್, 2,160. ಒಟ್ಟು 3,840. ಪೂರ್ತಿ ಪೆಟ್ರೋಲಿನಲ್ಲೇ ಓಡಿಸಿದ್ದರೆ 72 ಲೀಟರ್, 7,200. ಉಳಿತಾಯ 3,360, ಅಂದರೆ ತಿಂಗಳಿಗೆ 33.6 ಲೀಟರ್ ಪೆಟ್ರೋಲಿನ ಬೆಲೆ. 100 ಮತ್ತು 10ರ ಜಾಗದಲ್ಲಿ ನಿಮ್ಮ ಬೆಲೆಗಳನ್ನು ಹಾಕಿ.

ಕಾರು ಕೊಳ್ಳುವ ಮುನ್ನ ಲೆಕ್ಕ ಹಾಕುತ್ತಿದ್ದರೆ ಹೋಲಿಕೆ ‘ಪೆ’ಯೊಂದಿಗಲ್ಲ, ಪ್ಲಗ್ ಇಲ್ಲದ ಸಾಮಾನ್ಯ ಹೈಬ್ರಿಡ್ ಕಾರಿನ ಬಳಕೆಯೊಂದಿಗೆ ಇರಲಿ. ಅದು ದೊಡ್ಡ ಬ್ಯಾಟರಿಯ ಭಾರ ಹೊರುವುದಿಲ್ಲ, ಹಾಗಾಗಿ ಅದರ ಬಳಕೆ ಸಾಮಾನ್ಯವಾಗಿ ಕಡಿಮೆ. ಎರಡರ ಖರೀದಿ ಬೆಲೆಯ ವ್ಯತ್ಯಾಸವನ್ನು ವಾರ್ಷಿಕ ಉಳಿತಾಯದಿಂದ ಭಾಗಿಸಿದರೆ ಹಾಕಿದ ಹಣ ಎಷ್ಟು ವರ್ಷಕ್ಕೆ ಮರಳುತ್ತದೆಂದು ತಿಳಿಯುತ್ತದೆ. ಮನೆಯಲ್ಲಿ ಚಾರ್ಜ್ ಮಾಡಲು ಜಾಗವಿಲ್ಲದವರಿಗೆ ಪ್ಲಗ್-ಇನ್ ಹೈಬ್ರಿಡ್ ಖರ್ಚಿನ ದೃಷ್ಟಿಯಿಂದ ಸರಿಯಾದ ಕಾರಲ್ಲ. ಇದನ್ನು ನೇರವಾಗಿಯೇ ಹೇಳಬೇಕು.

ಇಂಧನದಾಚೆಯ ಖರ್ಚು

ಕರೆಂಟಿನಲ್ಲಿ ಎಷ್ಟೇ ಓಡಿಸಿದರೂ ಎಂಜಿನ್ ಆಯಿಲ್ ಬದಲಿಸುವುದು ತಪ್ಪುವುದಿಲ್ಲ, ಏಕೆಂದರೆ ಸರ್ವಿಸ್ ಅವಧಿ ಕಿ.ಮೀ. ಜೊತೆಗೆ ತಿಂಗಳ ಲೆಕ್ಕದಲ್ಲೂ ಇರುತ್ತದೆ. ಬ್ರೇಕ್ ಪ್ಯಾಡ್ ಮಾತ್ರ, ವೇಗ ಇಳಿಸುವಾಗ ಮೋಟಾರೇ ಕಾರನ್ನು ತಡೆದು ಬ್ಯಾಟರಿ ತುಂಬಿಸುವ ರೀಜನರೇಷನ್‌ನಿಂದಾಗಿ ಹೆಚ್ಚು ಬಾಳುತ್ತದೆ. ಪೆಟ್ರೋಲ್ ಪೂರ್ತಿ ಬಳಸದೆ ಬಿಡಲೂ ಆಗದು: ಶೆವ್ರೊಲೆ ವೋಲ್ಟ್ ಎಂಬ ಪ್ಲಗ್-ಇನ್ ಹೈಬ್ರಿಡ್ ಕಾರು ಸುಮಾರು ಆರು ವಾರ ಎಂಜಿನ್ ಓಡದಿದ್ದರೆ ತಾನಾಗಿ ಸ್ವಲ್ಪ ಹೊತ್ತು ಚಾಲೂ ಮಾಡುತ್ತಿತ್ತು, ಟ್ಯಾಂಕಿನ ಪೆಟ್ರೋಲ್ ಒಂದು ವರ್ಷ ಹಳೆಯದಾದರೆ ಅದನ್ನು ಸುಟ್ಟು ಖಾಲಿ ಮಾಡುತ್ತಿತ್ತು. ಕಡಿಮೆ ಪೆಟ್ರೋಲ್ ಬಳಸುವವರು ಟ್ಯಾಂಕನ್ನು ಅರ್ಧಕ್ಕಿಂತ ಕೆಳಗೇ ಇಟ್ಟುಕೊಂಡರೆ ಸಾಕು.

ಮತ್ತೆ ಯಾವಾಗ ಅಳೆಯಬೇಕು

ಬೆಲೆ ಬದಲಾದರೆ ಅಳೆಯಬೇಕಿಲ್ಲ, ಹೊಸ ಬೆಲೆಯನ್ನು ಹಳೆಯ ಭಾಗಲಬ್ಧದೊಂದಿಗೆ ಹೋಲಿಸಿದರಾಯಿತು. ಋತು ಬದಲಾದಾಗ, ಟೈರ್ ಹೊಸದಾದಾಗ, ನಿತ್ಯದ ದಾರಿ ಬೇರೆಯಾದಾಗ ಎರಡೂ ಅಳತೆ ಹೊಸದಾಗಿ ಮಾಡಿ. ಚಳಿಯಲ್ಲಿ ಹೀಟರ್ ಒಂದೇ ಹಲವು ಕಿಲೋವ್ಯಾಟ್ ಎಳೆಯಬಲ್ಲದು. ಪ್ಲಗ್‌ನಲ್ಲಿರುವಾಗಲೇ ಕಾರನ್ನು ಬೆಚ್ಚಗೆ ಮಾಡಿಕೊಂಡರೆ ರೇಂಜ್ ಉಳಿಯುತ್ತದೆ, ಆದರೆ ಆ ಯೂನಿಟ್ಟುಗಳೂ ಮೀಟರಿನಲ್ಲಿ ಸೇರಬೇಕು.

ವರ್ಷಗಳು ಕಳೆದಂತೆ ಎರಡು ಅಂಕಿಗಳನ್ನು ಬೇರೆಬೇರೆಯಾಗಿ ನೋಡಿ. ಪೂರ್ತಿ ಚಾರ್ಜಿಗೆ ಹಿಡಿಯುವ ಯೂನಿಟ್ ಇಳಿಯುತ್ತಾ ‘ಯೂ’ ಹಾಗೆಯೇ ಇದ್ದರೆ ಬ್ಯಾಟರಿಯ ಸಾಮರ್ಥ್ಯ ಕುಗ್ಗುತ್ತಿದೆ, ಪ್ರತಿ ಕಿ.ಮೀ. ಖರ್ಚು ಬದಲಾಗಿಲ್ಲ, ಕರೆಂಟಿನ ಪಾಲು ಮಾತ್ರ ಕಡಿಮೆಯಾಗುತ್ತದೆ. ವಾರಂಟಿ ಅವಧಿಯೊಳಗೆ ಈ ದಾಖಲೆ ಕೈಯಲ್ಲಿದ್ದರೆ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿ ಪರೀಕ್ಷೆ ಕೇಳಲು ಆಧಾರವಿರುತ್ತದೆ. ಚಾರ್ಜಿನ ಯೂನಿಟ್ ಹಾಗೆಯೇ ಇದ್ದು ‘ಯೂ’ ಏರಿದರೆ ಬ್ಯಾಟರಿಯನ್ನು ದೂರಬೇಡಿ: ಟೈರಿನ ಗಾಳಿ, ಚಕ್ರಗಳ ಅಲೈನ್‌ಮೆಂಟ್, ಕಚ್ಚಿಕೊಂಡಿರುವ ಬ್ರೇಕ್ ಕ್ಯಾಲಿಪರ್, ಈ ಕ್ರಮದಲ್ಲಿ ಪರೀಕ್ಷಿಸಿ.